ಕನ್ನಡಿಯಲ್ಲೊಂದು ಕಲೆ

ನಾನು ಸಿನಿಮಾ ನೋಡಿ ಕೆಟ್ಟವನು ಅಂತ ಪರಶುರಾಂಪುರದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಸುಳ್ಳೇನಲ್ಲ ಬಿಡಿ! ಪಿಯುಸಿ ಓದುತ್ತೇನೆಂದು ಬೆಳಗಿನ ಬಸ್ಸಿಗೆ ಚಳ್ಳಕೆರೆಗೆ ಹೋಗಿ, ಮ್ಯಾಟ್ನಿ ಮುಗಿಸಿಕೊಂಡು, ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಸಂಜೆ ಬಸ್ಸಿಗೆ ಊರಿಗೆ ಬರುತ್ತಿದ್ದ ಭೂಪ ನಾನು. ಎರಡನೇ ವರ್ಷದ ಪರೀಕ್ಷೆಗೆ ಕೂರಲೇ ಇಲ್ಲ. ಈಗ ವಯಸ್ಸು ಇಪ್ಪತ್ತೆಂಟು. ಅಲ್ಲಿ ಇಲ್ಲಿ ಪತ್ರಿಕೆಗಳಿಗೆ ಬರೆದು ಹೊಟ್ಟೆ ಹೊರೆಯುತ್ತೇನೆ. ಒಂದು ಸ್ಟಿಲ್ಲು ಕೈಗೆ ಕೊಟ್ಟರೆ ಸಾಕು, ಬೆಳಕು ಎಲ್ಲಿಂದ ಬಂತು, ಕ್ಯಾಮರಾ ಯಾವ ಎತ್ತರದಲ್ಲಿದೆ, ನಾಯಕಿಯ ಹಿಂದೆ ಕಿಟಕಿ ಯಾಕಿದೆ ಅಂತ ಅರ್ಧ ಗಂಟೆ ಭಾಷಣ ಬಿಗಿಯುವ ಚಟ. ನಿಮ್ಮಲ್ಲೂ ಅನೇಕರಿಗೆ ಈ ಚಟ ಉಂಟು ಅಂತ ಬಲ್ಲೆ!

ಅಂಥ ನಾನು, ನಮ್ಮ ಮನೆಯ ಗೋಡೆ ಮೇಲೇ ನೇತಾಡುತ್ತಿದ್ದ ಒಂದು ಫೋಟೋವನ್ನು ಓದಲಾರದೆ ಮುಗ್ಗರಿಸಿದೆ. ಅದಷ್ಟೇ ಆಗಿದ್ದರೆ ನಗಬಹುದಿತ್ತು. ಮುಗ್ಗರಿಸಿದ ರಭಸಕ್ಕೆ ಒಬ್ಬರನ್ನು ಅಳಿಸಿಯೂ ಹಾಕಿದೆ. ಆ ಕಥೆಯನ್ನೇ ಇವತ್ತು ಹೇಳಬೇಕು.

ಫೋಟೋದಲ್ಲೇನಿದೆ?

ಅಂಗೈಗಿಂತ ಸ್ವಲ್ಪ ದೊಡ್ಡದಾದ ಕಪ್ಪು-ಬಿಳುಪು ಫೋಟೋ. ದಪ್ಪ ರಟ್ಟಿಗೆ ಅಂಟಿಸಿದ್ದು. ಅಂಚೆಲ್ಲ ಹಳದಿಗೆ ತಿರುಗಿದೆ. ಹಿಂದೆ ಪೆನ್ಸಿಲಿನಲ್ಲಿ ಬರೆದ ಒಂದು ನಂಬರು, ಅದರ ಕೆಳಗೆ 1973. ‘ನಾಗರಹಾವು ಬಂದ ಮರು ಬೇಸಿಗೆ’ ಅಂತ ನಮ್ಮಪ್ಪ ಲೆಕ್ಕ ಹೇಳುತ್ತಾರೆ. ನಮ್ಮ ಸೀಮೆಯವರಿಗೆ ಆ ಲೆಕ್ಕ ಸಹಜವೇ. ಪುಟ್ಟಣ್ಣ ಕಣಗಾಲರ ಆ ಚಿತ್ರ ತೆರೆಗೆ ಬಂದದ್ದು 1972ರಲ್ಲಿ. ಕೋಟೆ ನಮ್ಮ ಚಿತ್ರದುರ್ಗದ್ದು. ಕಾದಂಬರಿ ಬರೆದ ತ.ರಾ.ಸು. ನಮ್ಮ ಚಳ್ಳಕೆರೆ ತಾಲ್ಲೂಕಿನ ತಳುಕಿನ ಮನೆತನದವರು. ಹೆಸರಿನ ಮೊದಲಕ್ಷರ ‘ತ’ ಇದೆಯಲ್ಲ, ಅದೇ ತಳುಕು. ಹೀಗಾಗಿ ರಾಮಾಚಾರಿಯ ಮೇಲೆ ನಮಗೆ ಸ್ವಲ್ಪ ಹೆಚ್ಚೇ ಹಕ್ಕು!

ಚಿತ್ರದಲ್ಲಿ ಇಬ್ಬರು ಮಕ್ಕಳು. ಬಲಗಡೆ ಕುರ್ಚಿಯಲ್ಲಿ ಏಳು ವರ್ಷದ ನಮ್ಮಪ್ಪ. ಎಣ್ಣೆ ಹಚ್ಚಿ ಬಾಚಿದ ಕ್ರಾಪು, ಕೊರಳ ತನಕ ಗುಂಡಿ ಹಾಕಿದ ಷರಟು, ಕಾಲಿಗೆ ಬೂಟು. ಬೂಟು ಸ್ಟುಡಿಯೋದವರದು, ಪಾದ ಒಳಗೆಲ್ಲೋ ಕಳೆದುಹೋಗಿದೆ. ತೊಡೆಯ ಮೇಲೆ ದಪ್ಪನೆಯ ಪುಸ್ತಕ. ಪಕ್ಕದಲ್ಲಿ ಎತ್ತರದ ಸ್ಟೂಲು, ಅದರ ಮೇಲೊಂದು ರೇಡಿಯೋ. ಎಡಗಡೆ ಮಣೆಯ ಮೇಲೆ ನಿಂತವಳು ಐದು ವರ್ಷದ ನಮ್ಮ ಚಿಕ್ಕತ್ತೆ. ರೇಷ್ಮೆ ಲಂಗ, ಗೆಜ್ಜೆ ಕಟ್ಟಿದ ಬರಿಗಾಲು, ತಲೆಗೆ ಮೊಗ್ಗಿನ ಜಡೆ. ಅವಳ ಹಿಂದೆ, ಚಿತ್ರದ ಎಡ ಅಂಚಿಗೆ, ಓರೆಯಾಗಿ ನಿಲ್ಲಿಸಿದ ಒಂದು ನಿಲುವುಗನ್ನಡಿ. ಇಬ್ಬರ ಹಿಂದೆ ಬಣ್ಣ ಬಳಿದ ಪರದೆ: ಅರಮನೆಯ ಕಂಬ, ಮೆಟ್ಟಿಲು, ಒಂದು ಕೊಳ, ಕೊಳದಲ್ಲಿ ಜೋಡಿ ಹಂಸ.

ಒಂದೇ ಶಾಟಿನಲ್ಲಿ ಎರಡು ಶಾಟು

ಮೊಗ್ಗಿನ ಜಡೆಯ ಫೋಟೋ ಕನ್ನಡನಾಡಿನ ಎಷ್ಟು ಮನೆಗಳಲ್ಲಿಲ್ಲ ಹೇಳಿ! ಬೇಸಿಗೆಯಲ್ಲಿ ಮಲ್ಲಿಗೆ ಸುಗ್ಗಿ. ಮೊಗ್ಗು ಬಿರಿಯುವ ಮುಂಚೆ ಸಾಲುಸಾಲಾಗಿ ಜೋಡಿಸಿ ಜಡೆಗೆ ಹೊಲಿಯಬೇಕು. ಕೂದಲು ಸಾಲದಿದ್ದರೆ ಚೌರಿ ಸೇರಿಸಬೇಕು. ಹುಡುಗಿ ಕತ್ತು ಅಲುಗಿಸದೆ ಗಂಟೆಗಟ್ಟಲೆ ಕೂತಿರಬೇಕು. ಇಷ್ಟೆಲ್ಲ ಪಟ್ಟ ಪಾಡು ಸಂಜೆಗೆ ಅರಳಿ, ಮಾರನೇ ದಿನಕ್ಕೆ ಬಾಡಿಹೋಗುತ್ತದೆ. ಅದಕ್ಕೇ ಅಮ್ಮಂದಿರು ಮಗಳನ್ನು ಎತ್ತಿಕೊಂಡು ಸ್ಟುಡಿಯೋಗೆ ಓಡುತ್ತಿದ್ದದ್ದು.

ಸ್ಟುಡಿಯೋದವನಿಗೆ ಒಂದು ಫಜೀತಿ. ಮುಖ ತೋರಿಸಿದರೆ ಜಡೆ ಕಾಣದು. ಜಡೆ ತೋರಿಸಿದರೆ ಮುಖ ಕಾಣದು. ಸಿನಿಮಾದವರಾದರೆ ಮುಂದಿನಿಂದ ಒಂದು, ಹಿಂದಿನಿಂದ ಒಂದು ತೆಗೆದು ಎಡಿಟಿಂಗ್‌ನಲ್ಲಿ ಜೋಡಿಸುತ್ತಾರೆ. ಇವನಿಗಿರುವುದು ಒಂದೇ ಶಾಟು. ಆ ಒಂದರಲ್ಲೇ ಎರಡನ್ನೂ ತರಲು ನಮ್ಮ ಕಡೆಯ ಸ್ಟುಡಿಯೋಗಳು ಹಿಡಿದ ಉಪಾಯ ಕನ್ನಡಿ. ಅದನ್ನು ನೆಟ್ಟಗೆ ಇಡುವ ಹಾಗಿಲ್ಲ. ನೆಟ್ಟಗಿಟ್ಟರೆ ಕ್ಯಾಮರಾ, ದೀಪ, ಕೊನೆಗೆ ತಾನೂ ಅದರಲ್ಲಿ ಬಿದ್ದುಬಿಡುತ್ತಾನೆ. ಓರೆ ಮಾಡಿ, ಜಡೆ ಮಾತ್ರ ಬೀಳುವಂತೆ ಕೋನ ಹಿಡಿಯಬೇಕು. ಇದೇನು ಹುಡುಗಾಟದ ಕೆಲಸವಲ್ಲ. ಆ ಕಾಲದ ಸ್ಟುಡಿಯೋಗಳಲ್ಲಿ ಹೆಚ್ಚಾಗಿ ಇರುತ್ತಿದ್ದ ಎರಡು ಕಣ್ಣಿನ ಕ್ಯಾಮರಾದಲ್ಲಿ ಒಂದು ರೋಲಿಗೆ ಬರುತ್ತಿದ್ದದ್ದೇ ಹನ್ನೆರಡು ಚಿತ್ರ. ಮೊಬೈಲಿನಲ್ಲಿ ಟಕಟಕ ಅಂತ ಐವತ್ತು ಹೊಡೆದು ಒಂದನ್ನು ಆರಿಸಿಕೊಳ್ಳುವ ನಮಗೆ ಆ ಕಷ್ಟ ಎಲ್ಲಿ ಗೊತ್ತಾಗಬೇಕು!

ಆ ಕ್ಯಾಮರಾದ ಇನ್ನೊಂದು ಗುಣ ಕೇಳಿ. ಅದನ್ನು ಕಣ್ಣಿಗೆ ಹಿಡಿಯುವುದಿಲ್ಲ. ಎದೆ ಇಲ್ಲವೇ ಹೊಟ್ಟೆಯ ಮಟ್ಟಕ್ಕೆ ಇಟ್ಟುಕೊಂಡು, ತಲೆ ಬಗ್ಗಿಸಿ ಮೇಲಿನ ಗಾಜಿನಲ್ಲಿ ನೋಡುವುದು. ಆ ಎತ್ತರ ಏಳು ವರ್ಷದ ಹುಡುಗನ ಕಣ್ಣಿನ ಎತ್ತರಕ್ಕೆ ಸರಿಹೋಗುತ್ತದೆ. ಹಳೇ ಸ್ಟುಡಿಯೋ ಫೋಟೋಗಳಲ್ಲಿ ಎಷ್ಟೋ ಮಕ್ಕಳು ಪುಟ್ಟ ಯಜಮಾನರ ಹಾಗೆ ಕಾಣುವುದಕ್ಕೆ ಇದೂ ಒಂದು ಕಾರಣ. ಕ್ಯಾಮರಾ ಅವರನ್ನು ಮೇಲಿನಿಂದ ಬಗ್ಗಿ ನೋಡುವುದಿಲ್ಲ. ಹೀರೋನ ಎಂಟ್ರಿಗೆ ಕ್ಯಾಮರಾ ಕೆಳಗಿಳಿಸುತ್ತಾರಲ್ಲ, ಅದರ ಪುಟ್ಟ ತಮ್ಮ ಅನ್ನಿ.

ನನ್ನ ಭಾಷಣ

ಈ ಫೋಟೋದ ಮೇಲೆ ನಾನು ಗೆಳೆಯರೆದುರು ಮಾಡಿದ ಭಾಷಣಗಳಿಗೆ ಲೆಕ್ಕವಿಲ್ಲ. ಪುಸ್ತಕ ಅಂದರೆ ಮಗ ಓದಿ ದೊಡ್ಡವನಾಗಲಿ ಅಂತ. ರೇಡಿಯೋ ಅಂದರೆ ಮನೆಗೆ ಸಿರಿ ಬರಲಿ ಅಂತ. ನಮ್ಮ ಮನೆಯಲ್ಲಿ ಆಗ ರೇಡಿಯೋ ಇರಲಿಲ್ಲ. ಪರದೆಯ ಮೇಲಿನ ಕೊಳವಂತೂ ಕೇಳಲೇಬೇಡಿ. ನಮ್ಮೂರ ಪಕ್ಕದ ವೇದಾವತಿ ಹೆಸರಿಗೆ ಹೊಳೆ. ವರ್ಷದ ಹೆಚ್ಚು ತಿಂಗಳು ಬರೀ ಮರಳು. ಅಂಥ ಊರಿನ ಮಕ್ಕಳ ಹಿಂದೆ ತುಂಬಿದ ಕೊಳ, ಹಂಸ! ಆ ಫೋಟೋ ಅಂದರೆ ಶೇಂಗಾ ಮಾರಿದ ದುಡ್ಡಿನಲ್ಲಿ ನಮ್ಮಜ್ಜಿ ದೇವರಿಗೆ ಹಾಕಿಕೊಂಡ ಒಂದು ಅರ್ಜಿ ಅಂತ ನಾನು ಹೇಳುತ್ತಿದ್ದೆ. ಈಗಲೂ ಆ ಮಾತು ತಪ್ಪು ಅನ್ನಿಸಿಲ್ಲ.

ಗಂಡು ಕೂತಿದ್ದಾನೆ, ಹೆಣ್ಣು ನಿಂತಿದ್ದಾಳೆ. ಹಳೇ ಮದುವೆ ಫೋಟೋಗಳಲ್ಲಿ ಗಂಡ ಕುರ್ಚಿಯಲ್ಲಿ, ಹೆಂಡತಿ ಪಕ್ಕದಲ್ಲಿ ನಿಲ್ಲುವ ಅದೇ ಅಚ್ಚು. ಗಂಡಿಗೆ ಪುಸ್ತಕ ಮತ್ತು ಬೂಟು. ಹೆಣ್ಣಿಗೆ ಹೂವು ಮತ್ತು ಕನ್ನಡಿ. ಇದನ್ನೂ ಹೇಳುತ್ತಿದ್ದೆ. ಹೇಳಿ ನಾಲ್ಕು ಜನರ ಹತ್ತಿರ ಶಹಬ್ಬಾಸ್ ಅನ್ನಿಸಿಕೊಂಡಿದ್ದೂ ಉಂಟು.

ಇನ್ನು ನೋಟ. ಅಪ್ಪ ನೇರ ಕ್ಯಾಮರಾವನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದಾರೆ. ಚಿಕ್ಕತ್ತೆ ಹಾಗಲ್ಲ. ಅವಳ ಕಣ್ಣು ಅಣ್ಣನ ತಲೆಯ ಮೇಲಿಂದ ಹಾದು ಬಲಕ್ಕೆ, ಚೌಕಟ್ಟಿನ ಆಚೆ ಎಲ್ಲೋ ನೆಟ್ಟಿದೆ. ತುಟಿಯಲ್ಲಿ ಇನ್ನೇನು ಬರಲಿರುವ ನಗು. ‘ನೋಡ್ರಪ್ಪಾ, ಈ ಹುಡುಗಿ ಭವಿಷ್ಯ ನೋಡ್ತಿದ್ದಾಳೆ! ಎಂಥ ಕಾಂಪೋಜಿಷನ್ನು!’ ಅಂತ ನಾನು ಮೇಜು ಗುದ್ದುತ್ತಿದ್ದೆ. ಚಿಕ್ಕತ್ತೆ ಮುಂದೆ ಓದಿ ಮೇಷ್ಟ್ರಮ್ಮ ಆದಳಲ್ಲ, ನನ್ನ ಮಾತಿಗೆ ಸಾಕ್ಷಿಯೂ ಸಿಕ್ಕಂತಾಗಿತ್ತು.

‘ಈ ಕಲೆ ತೆಗೀಲಾ?’

ಹೋದ ವರ್ಷ ಅಪ್ಪ ಊರಲ್ಲಿ ಹೊಸ ಮನೆ ಕಟ್ಟಿಸಿದರು. ಗೃಹಪ್ರವೇಶಕ್ಕೆ ನನ್ನ ಕಾಣಿಕೆ ಏನು? ಪಿಯುಸಿ ಬಿಟ್ಟ ಮಗ ಅನ್ನೋ ಹೆಸರು ಸ್ವಲ್ಪವಾದರೂ ಅಳಿಸಬೇಕಲ್ಲ. ಆ ಫೋಟೋವನ್ನೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿ ಕೊಡೋಣ ಅಂದುಕೊಂಡೆ. ಬೆಂಗಳೂರಿನಲ್ಲಿ ನನ್ನ ರೂಂಮೇಟ್ ಗೆಳೆಯನೊಬ್ಬ ಕಂಪ್ಯೂಟರಿನಲ್ಲಿ ಇಂಥ ಕೆಲಸ ಚೆನ್ನಾಗಿ ಮಾಡುತ್ತಾನೆ. ಗೀರು ತೆಗೆದ, ಹಳದಿ ತೆಗೆದ, ಹುಳ ತಿಂದ ಮೂಲೆ ತುಂಬಿದ. ಆಮೇಲೆ ಕನ್ನಡಿಯ ಅಂಚಿನ ಹತ್ತಿರ ಬೆರಳಿಟ್ಟು ಕೇಳಿದ: ‘ಇಲ್ಲೊಂದು ಕಲೆ ಇದೆ ನೋಡು. ತೆಗೀಲಾ?’

ನೋಡಿದೆ. ಜಡೆಯ ಪಕ್ಕದಲ್ಲಿ, ಕನ್ನಡಿಯೊಳಗೆ, ಅರ್ಧ ಉಗುರಿನಷ್ಟು ಬೂದು ಮಸುಕು. ‘ತೆಗಿ ಗುರೂ, ಜಡೆ ಎದ್ದು ಕಾಣ್ಲಿ’ ಅಂದೆ. ಮೌಸ್ ಎರಡು ಸಲ ಆಡಿಸಿದ. ಕನ್ನಡಿ ಸ್ವಚ್ಛವಾಯಿತು.

ಗೃಹಪ್ರವೇಶದ ದಿನ ಎರಡಡಿ ಅಗಲದ ಕಟ್ಟು ಪಡಸಾಲೆಯಲ್ಲಿ ಏರಿತು. ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಅಪ್ಪನ ಮುಖದಲ್ಲಿ ನನ್ನ ವಿಷಯಕ್ಕೆ ನಗು ಕಂಡು ಎಷ್ಟು ವರ್ಷವಾಗಿತ್ತೋ! ಮಧ್ಯಾಹ್ನ ಊಟದ ಗದ್ದಲ ಇಳಿದ ಮೇಲೆ ದೊಡ್ಡತ್ತೆ ಒಬ್ಬಳೇ ಬಂದು ಫೋಟೋ ಮುಂದೆ ನಿಂತಳು. ಸೆರಗಿನಿಂದ ಕನ್ನಡಕ ಒರೆಸಿಕೊಂಡಳು. ಹತ್ತಿರ ಹೋದಳು. ಇನ್ನೂ ಹತ್ತಿರ ಹೋದಳು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು:

‘ಇದ್ರಾಗೆ ನಾನು ಎಲ್ಲಿ ಹೋದ್ನಪ್ಪಾ?’

ಮೂರನೆಯವಳು

ದೊಡ್ಡತ್ತೆ ಅಪ್ಪನಿಗಿಂತ ಮೂರು ವರ್ಷ ದೊಡ್ಡವಳು. ಆಂಧ್ರದ ಕಡೆಗೆ ಮದುವೆ ಮಾಡಿಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಗೇ ಬಂದಳು. ಆಗ ನಾನು ಅಂಬೆಗಾಲಿಡುವ ಮಗು. ನನ್ನನ್ನು ಬೆಳೆಸಿದವಳು ಅವಳು. ನಾನು ಓದು ಬಿಟ್ಟಾಗ ಅಪ್ಪ ಮೂರು ತಿಂಗಳು ಮಾತು ಬಿಟ್ಟರು. ದೊಡ್ಡತ್ತೆ ಮಾತ್ರ, ಕೂಲಿಗೆ ಶೇಂಗಾ ಬಿಡಿಸಿ ಕೂಡಿಟ್ಟಿದ್ದ ಎರಡು ಸಾವಿರ ರೂಪಾಯಿಯನ್ನು ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟು, ‘ಬೆಂಗ್ಳೂರಿಗೆ ಹೋಗು, ಬರಿಯೋದು ಬರ್ತೈತಲ್ಲ ನಿಂಗೆ’ ಅಂದಿದ್ದಳು. ಆ ದುಡ್ಡಿನಲ್ಲಿ ಬಸ್ಸು ಹತ್ತಿದವನು ನಾನು.

ಅವತ್ತು ಪಡಸಾಲೆಯಲ್ಲಿ ಕೂರಿಸಿಕೊಂಡು ಕೇಳಿದೆ. ಅವಳು ಹೇಳಿದ್ದು ಇಷ್ಟು.

‘ಕೋಳಿ ಕೂಗೋ ಹೊತ್ತಿಗೇ ಎದ್ವಿ. ನಿಮ್ಮಜ್ಜಿ ಜಡೆ ಹೊಲಿತಿದ್ಲು, ನಾನು ಒಂದೊಂದೇ ಮೊಗ್ಗು ಆರಿಸಿ ಕೊಡ್ತಿದ್ದೆ. ಬಸ್ಸಿನಾಗೆ ಬಿಸಿಲಿಗೆ ಬಾಡಿ ಹೋಗ್ತಾವೆ ಅಂತ ಹಸಿ ಬಟ್ಟೆ ಹೊದಿಸ್ಕಂಡು ಅವಳ್ನ ತೊಡೆ ಮೇಲೆ ಇಟ್ಕಂಡು ಹೋಗಿದ್ದು ನಾನೇ. ಸ್ಟುಡಿಯೋದಾಗೆ ಆ ದೀಪ ಹಾಕಿದ ಕೂಡ್ಲೇ ಅವಳು ಅಳಾಕೆ ಹತ್ತಿದ್ಲು. ನಾನು ಪಕ್ಕದಾಗೆ ನಿಂತ್ಕಂಡೆ, ಸುಮ್ಮನಾದ್ಲು. ಅಜ್ಜಿ ನೋಡಿದ್ಲು, ‘ಮೂರು ಜನ ಫೋಟೋ ತೆಗೆಸಬಾರದು, ಆಗಿಬರಲ್ಲ, ನೀನು ಈಕಡೆ ಬಾ’ ಅಂದ್ಲು. ಬಾಗಿಲ ಪರದೆ ಹತ್ರ ಬಂದೆ. ಅಲ್ಲಿಂದ ಕೈ ಆಡಿಸ್ತಾ ಇದ್ದೆ, ಅವಳು ನನ್ನೇ ನೋಡ್ತಾ ಇದ್ಲು. ಆಗ ತೆಗೆದ್ರು.’

ಮೂವರು ಒಟ್ಟಿಗೆ ಫೋಟೋ ತೆಗೆಸಿಕೊಳ್ಳಬಾರದು, ಒಬ್ಬರಿಗೆ ಕೇಡು ಅನ್ನೋ ನಂಬಿಕೆ ನಿಮ್ಮ ಮನೆಗಳಲ್ಲೂ ಕೇಳಿರುತ್ತೀರಿ. ಮೂವರಲ್ಲಿ ಒಬ್ಬರು ಹೊರಗೆ ಹೋಗಬೇಕು ಅಂದಾಗ ಹೊರಗೆ ಹೋದವಳು ಹತ್ತು ವರ್ಷದ ದೊಡ್ಡ ಮಗಳು. ಯಾರೂ ಯೋಚನೆ ಕೂಡ ಮಾಡಲಿಲ್ಲ. ಅವಳೂ ಮಾಡಲಿಲ್ಲ.

ನನ್ನ ಗೆಳೆಯನ ಹತ್ತಿರ ಮೊದಲಿನ ಸ್ಕ್ಯಾನು ಇತ್ತು. ಅಲ್ಲೇ ಫೋನಿಗೆ ತರಿಸಿಕೊಂಡು, ಆ ಕಲೆಯನ್ನು ಬೆರಳಿನಿಂದ ಹಿಗ್ಗಿಸಿ ನೋಡಿದೆ. ಒಂದು ಪರದೆಯ ಮಡಿಕೆ. ಅದರ ಮುಂದೆ ಸಣಕಲು ಲಂಗ. ಕಣ್ಣು ಮೂಗು ಕಾಣದ ಒಂದು ದುಂಡು ಮುಖ. ಮುಖದ ಪಕ್ಕದಲ್ಲಿ ಹೊಗೆಯ ಹಾಗೆ ಬಿಳಿ ಗೆರೆ. ಅದು ಆಡಿಸುತ್ತಿದ್ದ ಕೈ.

ಮಸುಕಾಗಿದ್ದು ಯಾಕೆ ಅಂತ ಈಗ ಯಾವ ಫೋಟೋಗ್ರಾಫರನಾದರೂ ಹೇಳಬಲ್ಲ. ಕನ್ನಡಿಯಲ್ಲಿ ಕಾಣುವ ವಸ್ತುವಿನ ದೂರ ಅಂದರೆ ಕ್ಯಾಮರಾದಿಂದ ಕನ್ನಡಿಗೆ, ಕನ್ನಡಿಯಿಂದ ಆ ವಸ್ತುವಿಗೆ, ಎರಡೂ ಸೇರಿದ ದೂರ. ಫೋಕಸ್ಸು ಇದ್ದದ್ದು ಮಕ್ಕಳ ಮುಖಕ್ಕೆ. ಬಾಗಿಲಲ್ಲಿದ್ದವಳು ಅದರಾಚೆ ಬಿದ್ದಳು. ಸಾಲದ್ದಕ್ಕೆ ಒಳಗಿನ ಬೆಳಕು ಕಮ್ಮಿ, ಷಟರು ನಿಧಾನ. ಅಲುಗಿದ ಕೈ ಗೆರೆಯಾಯಿತು. ಕನ್ನಡಿಯ ಕೋನ ಹಿಡಿದು ತನ್ನನ್ನು ತಾನು ಜಾಣತನದಿಂದ ತಪ್ಪಿಸಿಕೊಂಡ ಆ ಫೋಟೋಗ್ರಾಫರು ಇವಳನ್ನು ಗಮನಿಸಲಿಲ್ಲ. ಅದೊಂದು ಪುಣ್ಯ!

ಅಂದರೆ ಚಿಕ್ಕತ್ತೆ ಭವಿಷ್ಯವನ್ನೂ ನೋಡುತ್ತಿರಲಿಲ್ಲ, ಮಣ್ಣನ್ನೂ ನೋಡುತ್ತಿರಲಿಲ್ಲ. ಅಕ್ಕನನ್ನು ನೋಡುತ್ತಿದ್ದಳು. ಆ ಬರಲಿರುವ ನಗು ಅಕ್ಕನದು. ಅವಳು ಎಲ್ಲಿ ನೋಡುತ್ತಿದ್ದಾಳೆ ಅನ್ನುವುದಕ್ಕೆ ಉತ್ತರ ಅದೇ ಫೋಟೋದ ಇನ್ನೊಂದು ಅಂಚಿನಲ್ಲಿ, ಕನ್ನಡಿಯಲ್ಲಿ, ಐವತ್ತು ವರ್ಷದಿಂದ ಇತ್ತು. ನಾನು ಅದನ್ನು ಕಲೆ ಅಂತ ಒರೆಸಿದೆ.

ಚೌಕಟ್ಟಿನ ಆಚೆಯವರು

ಮೈಸೂರಿನವರೇ ಆದ ವಿ.ಕೆ. ಮೂರ್ತಿಯವರ ಹೆಸರು ನಿಮಗೆ ಗೊತ್ತು. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಛಾಯಾಗ್ರಾಹಕರು. ಛಾಯಾಗ್ರಾಹಕರಲ್ಲಿ ಆ ಪ್ರಶಸ್ತಿ ಪಡೆದ ಮೊದಲಿಗರು. 1959ರ ‘ಕಾಗಜ್ ಕೆ ಫೂಲ್’ನಲ್ಲಿ ಕತ್ತಲ ಸ್ಟುಡಿಯೋದೊಳಗೆ ಒಂದು ಬೆಳಕಿನ ಕೋಲು ಇಳಿಯುತ್ತದಲ್ಲ, ಅದನ್ನು ಅವರು ತಂದದ್ದು ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಒಳಕ್ಕೆ ತಿರುಗಿಸಿ. ಆ ಬೆಳಕನ್ನು ಹೊಗಳುತ್ತೇವೆ. ಕನ್ನಡಿ ಮಾತ್ರ ತೆರೆಯ ಮೇಲೆ ಕಾಣುವುದಿಲ್ಲ. ಸ್ಪೇನಿನ ವೆಲಾಸ್ಕೆಸ್ 1656ರಲ್ಲಿ ಐದು ವರ್ಷದ ರಾಜಕುಮಾರಿಯನ್ನು ನಡುವೆ ನಿಲ್ಲಿಸಿ ಒಂದು ದೊಡ್ಡ ಚಿತ್ರ ಬರೆದ. ಅದರಲ್ಲೂ ಹಿಂದಿನ ಗೋಡೆಗೆ ಪುಟ್ಟ ಕನ್ನಡಿ ಇದೆ. ಚಿತ್ರದ ಹೊರಗೆ ನಿಂತಿರುವ ಅಪ್ಪ-ಅಮ್ಮ, ಅಂದರೆ ರಾಜ-ರಾಣಿ, ಅದರಲ್ಲಿ ಮಸುಕಾಗಿ ಕಾಣುತ್ತಾರೆ. ರಾಜ-ರಾಣಿ ಅಂದಮೇಲೆ ಅದನ್ನು ಕಲೆ ಅಂತ ಒರೆಸುವ ಧೈರ್ಯ ಯಾರಿಗಿದೆ!

ಫೋಟೋಗ್ರಫಿಯ ಮೊದಮೊದಲ ಕಾಲದಲ್ಲಿ ಒಂದು ಚಿತ್ರಕ್ಕೆ ಎಷ್ಟೋ ಸೆಕೆಂಡು ಅಲುಗದೆ ಕೂರಬೇಕಿತ್ತು. ಮಕ್ಕಳು ಕೂರುತ್ತಾರೆಯೇ? ಆಗ ಯೂರೋಪು, ಅಮೆರಿಕಾದ ಸ್ಟುಡಿಯೋಗಳಲ್ಲಿ ತಾಯಿಗೆ ಮುಸುಕು ಹೊದಿಸಿ, ಕುರ್ಚಿಯೋ ಪರದೆಯೋ ಅನ್ನುವ ಹಾಗೆ ಹಿಂದೆ ಕೂರಿಸಿ, ಮಗುವನ್ನು ಹಿಡಿಸುತ್ತಿದ್ದರು. ಅಂಥ ಫೋಟೋಗಳು ಈಗಲೂ ಇವೆ. ಮಗು ಮುದ್ದಾಗಿ ಕೂತಿದೆ, ಹಿಂದೆ ಬಟ್ಟೆಯ ಗುಡ್ಡೆ. ಮಕ್ಕಳ ಫೋಟೋ ಚೆನ್ನಾಗಿ ಬಂದಿದೆ ಅಂದರೆ ಯಾರೋ ಒಬ್ಬರು ಕಾಣದ ಹಾಗೆ ನಿಂತಿದ್ದಾರೆ ಅಂತಲೇ ಅರ್ಥ.

ಆ ದಿನ ದೊಡ್ಡತ್ತೆ ಏಳುವ ಮುಂಚೆ ಇನ್ನೊಂದು ಮಾತು ಹೇಳಿದಳು, ದೂರಿನ ಹಾಗಲ್ಲ, ಹವಾಮಾನ ಹೇಳುವ ಹಾಗೆ. ‘ಆ ಬೇಸಿಗೇಲೇ ನನ್ನ ಇಸ್ಕೂಲು ಬಿಡಿಸಿದ್ರು. ನಾಕನೇ ಕ್ಲಾಸು ಆಗಿತ್ತು. ನಿಮ್ಮಪ್ಪನೂ ಓದಬೇಕಿತ್ತಲ್ಲ, ಮನ್ಯಾಗೆ ಚಿಕ್ಕವಳ್ನ ನೋಡ್ಕಳ್ಳೋರು ಯಾರು?’

ನನಗೆ ಗಂಟಲು ಕಟ್ಟಿತು. ಅವಳನ್ನು ಬಿಡಿಸಿದರು. ನಾನು ಬಿಟ್ಟೆ. ಎರಡಕ್ಕೂ ಎಷ್ಟು ಅಂತರ! ನನ್ನದು ನಾನೇ ಹೇಳಿಕೊಂಡು ಮೆರೆದ ಕಥೆ. ಅವಳದನ್ನು ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಅಪ್ಪನ ತೊಡೆಯ ಮೇಲಿನ ಆ ದಪ್ಪ ಪುಸ್ತಕ ಯಾರ ಕೈಯಿಂದ ಬಂದದ್ದು ಅಂತ ನನ್ನ ಯಾವ ಭಾಷಣದಲ್ಲೂ ಇರಲಿಲ್ಲ. ಇಷ್ಟು ವರ್ಷ ಪ್ರತಿ ವಾರ ಆ ಫೋಟೋದ ಧೂಳು ಒರೆಸುತ್ತಿದ್ದವಳು ಅವಳೇ. ಒರೆಸುವಾಗೆಲ್ಲ ತನ್ನನ್ನು ತಾನು ನೋಡಿಕೊಳ್ಳುತ್ತಿದ್ದಳಂತೆ. ಅವಳ ಬಾಲ್ಯದ ಫೋಟೋ ಅಂತ ಇರುವುದು ಆ ಅರ್ಧ ಉಗುರಿನಷ್ಟು ಮಸುಕು ಒಂದೇ.

ನಾಲ್ಕನೆಯವನು

ಬೆಂಗಳೂರಿಗೆ ಹಿಂದಿರುಗಿ ಹೊಸ ಪ್ರಿಂಟು ಹಾಕಿಸಿದೆ. ಗೀರು ತೆಗೆಸಿದೆ, ಕನ್ನಡಿಯನ್ನು ಮುಟ್ಟಿಸಲಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಹಳೇ ಕಟ್ಟಿನಲ್ಲಿದ್ದದ್ದನ್ನು ತೆಗೆದು ಇದನ್ನು ಹಾಕಿದೆ. ಅಪ್ಪ ಕನ್ನಡಿಯ ಹತ್ತಿರ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು. ‘ನಂಗೆ ಗೊತ್ತೇ ಇರ್ಲಿಲ್ಲ ಕಣೋ’ ಅಂದರು. ಆಮೇಲೆ ಹಿತ್ತಲಿಗೆ ಹೋಗಿ ಸುಮ್ಮನೆ ನಿಂತಿದ್ದರು.

ಚಿಕ್ಕತ್ತೆಯೂ ಆವತ್ತು ಬಂದಿದ್ದಳು. ಮೂವರನ್ನೂ ಒಟ್ಟಿಗೆ ಕೂರಿಸಿ ಒಂದು ಫೋಟೋ ತೆಗೆಯುತ್ತೇನೆ ಅಂದೆ. ದೊಡ್ಡತ್ತೆ ಥಟ್ಟನೆ ಎದ್ದಳು. ‘ಮೂರು ಜನ ಬ್ಯಾಡಪ್ಪ, ಆಗಿಬರಲ್ಲ. ಅವರಿಬ್ರುದು ತೆಗಿ.’ ಅದೇ ಮಾತು, ಅದೇ ಬಾಗಿಲ ಕಡೆಗೆ ಹೆಜ್ಜೆ! ಚಿಕ್ಕತ್ತೆ ಅಕ್ಕನ ಸೆರಗು ಹಿಡಿದು ಎಳೆದಳು. ಸ್ವಲ್ಪ ಹೊತ್ತು ಎಳೆದಾಟ. ಕೊನೆಗೆ ದೊಡ್ಡತ್ತೆಯೇ ದಾರಿ ಹುಡುಕಿದಳು: ‘ಹಂಗಾರೆ ನೀನೂ ಬಾ. ನಾಲ್ಕಾಗ್ತೈತೆ.’

ಫೋನನ್ನು ಕಿಟಕಿಗೆ ಒರಗಿಸಿ, ಟೈಮರ್ ಹಾಕಿ, ಓಡಿಬಂದು ನಿಂತೆ. ದೊಡ್ಡತ್ತೆ ಅಭ್ಯಾಸಬಲದಿಂದ ಅಂಚಿಗೆ ಸರಿದಿದ್ದಳು. ಅವಳನ್ನು ನಡುವೆ ಕೂರಿಸಿ ನಾನು ಅಂಚಿಗೆ ಹೋದೆ. ಆ ಫೋಟೋದಲ್ಲಿ ನನ್ನ ಅರ್ಧ ಭುಜ ಕತ್ತರಿಸಿಹೋಗಿದೆ. ಇರಲಿ.

ಗೆಳೆಯರೇ, ನಿಮ್ಮ ಮನೆಯಲ್ಲೂ ಟ್ರಂಕಿನ ತಳದಲ್ಲೋ ಗೋಡೆಯ ಮೇಲೋ ಇಂಥದೊಂದು ಫೋಟೋ ಇರುತ್ತದೆ. ಅದನ್ನು ಫಳಫಳ ಹೊಳೆಯುವಂತೆ ಮಾಡುವ ಮುಂಚೆ ಮನೆಯಲ್ಲಿರುವ ಹಿರಿಯರ ಕೈಗೆ ಒಮ್ಮೆ ಕೊಟ್ಟು ನೋಡಿ. ರಟ್ಟಿನ ಹಿಂಬದಿ ತಿರುಗಿಸಿ ನೋಡಿ. ಮಕ್ಕಳು ಎತ್ತ ನೋಡುತ್ತಿದ್ದಾರೆ ಅಂತ ನೋಡಿ. ಆಮೇಲೆ ಬೇಕಾದರೆ ಭಾಷಣ ಮಾಡುವಿರಂತೆ!